ಹೆಸರಿನ ನಡುವಿನ ಉಸಿರು

ನುಡಿಯಲ್ಲೂ ನುಡಿಗಳ ನಡುವಿನ ಮೌನದಲ್ಲೂ ನೆಲೆಸಿದ ನಾದರೂಪಿ ಶಿವನಿಗೆ ಶರಣೆಂದು ಹೇಳುತ್ತೇನೆ, ಕೇಳಿರವ್ವ, ಕೇಳಿರಪ್ಪ.

ಕೊಂಬನೂರಿನಲ್ಲಿ ಡಂಗುರವಾಯಿತು: "ತೀರಿಹೋದ ರಾಜಮಾತೆಯ ಹಾಡುಗಳು ಅರಮನೆಯ ಕಂಪ್ಯೂಟರಿನಲ್ಲಿವೆ. ಹೆಸರು ಟೈಪ್ ಮಾಡಿ ಅಪ್ಪಣೆ ಕೊಟ್ಟರೂ ಯಂತ್ರ ಹಾಡುತ್ತಿಲ್ಲ. ಆ ತಾಯಿ ಹೇಳಿಹೋದ ಮೂರು ಒಗಟು ಬಿಡಿಸಿ ಹಾಡಿಸಿದವರಿಗೆ ಕೇಳಿದ ವರ. ತಪ್ಪಿದವರಿಗೆ ತಲೆದಂಡ!"

ದೊರೆ ಮೊದಲ ಒಗಟು ಹೇಳಿದ: "ಮನೆಯಲ್ಲಿರುವುದು ಒಂದೇ ಮಗು. ಹೆಸರು ಹಿಡಿದು ಕರೆದರೆ ಕಾವಲುಗಾರ ಮೂವರನ್ನು ಹುಡುಕಿ, ಯಾರೂ ಇಲ್ಲವೆನ್ನುತ್ತಾನೆ. ಏಕೆ?"

"ಕಾವಲುಗಾರ ಕಿವುಡ!" ಎಂದ ಸೆಟ್ಟಿಯ ಮಗ ತಲೆದಂಡದ ದಿನ ಎಣಿಸುತ್ತ ಸೆರೆ ಸೇರಿದ. "ನಿದ್ದೆಗಣ್ಣು!" ಎಂದ ದಂಡನಾಯಕನ ಮಗನೂ ಹಿಂದೆಯೇ ಹೋದ.

ಮಂತ್ರಿ ನಕ್ಕ. "ಹಾಡುಗಳ ಹೆಸರಿನಲ್ಲಿ ಪದಗಳ ನಡುವಿನ ತೆರಪನ್ನೆಲ್ಲ ಕಿತ್ತುಬಿಡಿ, ಪ್ರಭು. ಒಗಟಿನ ಗೊಡವೆಯೇ ಬೇಡ."

ದೊರೆ ಕೀಲಿಮಣೆಗೆ ಕೈ ಚಾಚಿದ.

"ಮುಟ್ಟಬೇಡಿ!"

ಕೂಗಿದವನು ತಂಬೂರಿಗೆ ತಂತಿ ಕಟ್ಟುವ ಕೆಂಚಯ್ಯ. ಶ್ರುತಿಗಳನ್ನು ಹಿಡಿದಿಡಲು ಅವನ ಗುಡಿಸಿಲಲ್ಲೂ ಇಂಥದ್ದೊಂದು ಹಳೆಯ ಯಂತ್ರವಿತ್ತು.

"ಯಾರಿಗೆ ಹೇಳ್ತಿದ್ದೀಯೋ?" ಮಂತ್ರಿ ಗುಡುಗಿದ.

"ದೊರೆಗೇ ಹೇಳ್ತಿದ್ದೀನಿ. ಬುದ್ಧೀ, ಹೆಸರಿಟ್ಟವರು ನಿಮ್ಮವ್ವ. ಆ ತೆರಪು ಅವರ ಉಸಿರು. ಬಗ್ಗೋದಿದ್ರೆ ಯಂತ್ರ ಬಗ್ಗಲಿ."

"ತಲೆ ಹೋದೀತು!" ದೊರೆ ಗದರಿದ.

"ಕೊಟ್ಟವನು ಶಿವ. ಬೇಕಾದ್ರೆ ನಿಮ್ಮ ಕೈಯಿಂದಲೇ ತಗೊಳ್ಳಲಿ." ಕೆಂಚಯ್ಯ ಕೈಮುಗಿದ, ತಲೆ ಬಾಗಿಸಲಿಲ್ಲ. "ಮಗು ಅಂದ್ರೆ ಹಾಡು, ಕಾವಲುಗಾರ ಅಂದ್ರೆ ಯಂತ್ರ. ಬೆಳ್ಳಿ ತೊಟ್ಟಿಲ ನಿದ್ದೆ ಅಂತ ಹಾಡಿನ ಹೆಸರು ಹಿಡಿದು ಕರೆದ್ರೆ, ತೆರಪು ಕಂಡಲ್ಲೆಲ್ಲ ಹೆಸರು ಮುಗೀತು ಅನ್ಕೊಂಡು ಯಂತ್ರ ಮೂರು ಹಾಡು ಹುಡುಕುತ್ತೆ, ಒಂದೂ ಸಿಗಲ್ಲ."

ದೊರೆಯ ದನಿ ಇಳಿಯಿತು. ಎರಡನೆಯ ಒಗಟು ಹೇಳಿದ: "ಅವಳಿಗಳಿಬ್ಬರು ಮುಂದೊಬ್ಬ ಹಿಂದೊಬ್ಬ ನಿಂತರೆ ದಿಬ್ಬಣ ಚದುರದು. ಹಿಂದಿನವ ಬಾರದಿದ್ದರೆ ಯಂತ್ರ ಕಾಯುತ್ತಲೇ ಕೂರುವುದು. ಯಾರವರು?"

"ಉದ್ಧರಣ ಚಿಹ್ನೆಗಳು, ಬುದ್ಧೀ. ಹೆಸರಿನ ಪದಗಳೇ ದಿಬ್ಬಣ, ಅದರ ಈಚೆಗೊಂದು, ಆಚೆಗೊಂದು. ಕೊನೇದು ಮರೆತ್ರೆ, ಹೆಸರು ಇನ್ನೂ ಮುಗಿದಿಲ್ಲ ಅಂತ ಕಾಯುತ್ತೆ."

ದೊರೆ ಮೂರನೆಯದು ಹೇಳಿದ: "ಅವಳಿಗಳೇ ಇಲ್ಲದಾಗ, ಹಿಂದಕ್ಕೆ ವಾಲಿದ ಮುದುಕಿ ಪ್ರತಿ ಹಳ್ಳದ ಮುಂದೆ ನಿಂತು ದಿಬ್ಬಣ ದಾಟಿಸುವಳು. ಅವಳು ಯಾರು?"

"ಹಿಂದಕ್ಕೆ ವಾಲಿದ ಓರೆಗೆರೆ. ಒಂದೊಂದು ತೆರಪಿನ ಮುಂದೂ ನಿಂತು, ಇದು ಹೆಸರಿನ ಕೊನೆಯಲ್ಲ, ಹೆಸರಿನದೇ ಭಾಗ ಅಂತಾಳೆ."

ಹೀಗೆಂದು ಕೆಂಚಯ್ಯ ಅವಳಿಗಳ ನಡುವೆ ಹೆಸರಿಟ್ಟು ಅಪ್ಪಣೆ ಕೊಟ್ಟ. ಯಂತ್ರ ಹಾಡಿತು. ಸಾಲು ಸಾಲಿನ ನಡುವೆ ತಾಯಿ ಉಸಿರೆಳೆದುಕೊಳ್ಳುವುದು ಕೇಳಿಸಿತು. ಹೆಸರಿನಲ್ಲಿದ್ದ ಅದೇ ಉಸಿರನ್ನು ಅಳಿಸಲು ಹೊರಟಿದ್ದ ದೊರೆ ಮುಖ ಮುಚ್ಚಿಕೊಂಡು ಅತ್ತ.

"ಏನು ಬೇಕಪ್ಪ?"

"ಸೆರೆಯಲ್ಲಿರೋರನ್ನ ಬಿಡಿ. ಅವರಿಗೂ ಅವ್ವಂದಿರಿದ್ದಾರೆ."

ದೊರೆ ಬಿಡಿಸಿದ. ತಾಯಿಯ ಹಾಡುಗಳ ಕಾವಲನ್ನೂ ಕೆಂಚಯ್ಯನಿಗೇ ಒಪ್ಪಿಸಿದ.

ಕೇಳಿದ ನಿಮ್ಮೆಲ್ಲರ ಹೆಸರು ಇಟ್ಟವರು ಇಟ್ಟಂತೆಯೇ ಇಡಿಯಾಗಿ ಉಳಿಯಲಿ. ಉಸಿರು ತಂಪಾಗಿರಲಿ. ಶಿವನು ಕಾಯಲಿ.