ಹೆಳವ ಹೊಡೆಯದ ಹೆಸರು

ಮನೆತನಗಳ ವಂಶಾವಳಿ ಬರೆದಿಟ್ಟು ಓದುವ ಹೆಳವ ಎತ್ತಿನಿಂದ ಇಳಿಯುವುದರೊಳಗೇ ಗೌಡರು ಗುಡುಗಿದರು.

"ನನ್ನ ಮಗಳು ನೀಲವ್ವನ ಹೆಸರು ಹೊಡದಹಾಕು. ಬ್ಯಾರೆ ಜಾತ್ಯಾಂವನ ಹಿಂದ ಹೋದಾಕಿ ನಮ್ಮಾಕಿ ಅಲ್ಲ. ಹೊಡೀಲಿಲ್ಲಂದ್ರ ಈ ಊರಾಗ ಕಾಲಿಡಬ್ಯಾಡ."

ನೀಲವ್ವ ಹೋದ ವರ್ಷ ಬಾಣಂತನದಲ್ಲಿ ತೀರಿಕೊಂಡಿದ್ದು ಹೆಳವನಿಗೆ ಗೊತ್ತಿತ್ತು. ಗೌಡರು ಮಣ್ಣಿಗೂ ಹೋಗಿರಲಿಲ್ಲ.

"ಹೊಡೀತೀನ್ರಿ ಗೌಡ್ರ. ಆದ್ರ ಪದ್ಧತಿ ಪ್ರಕಾರ ಮದಲ ಓದಬೇಕು. ಹೆಸರು ಹೆಸರಿಗೂ ನೀವು 'ನಮ್ಮವರು' ಅನಬೇಕು. ನೀವು ಸುಮ್ಮನಾದ ಹೆಸರು ಹೊಡೀತೀನಿ."

ಮುತ್ತಜ್ಜ, ಅಜ್ಜ, ಅಪ್ಪ. ಗೌಡರ ದನಿ ಓಣಿಗೆಲ್ಲ ಕೇಳಿಸಿತು.

"ನೀಲವ್ವ," ಅಂದ ಹೆಳವ. ಲೇಖನಿ ಹಿಡಿದು ಕಾದ.

ಗೌಡರು ಬಾಯಿ ಬಿಗಿಹಿಡಿದರು.

"ನಮ್ಮಾಕಿ," ಅಂದರು.

ಹೆಳವ ಹೊತ್ತಿಗೆ ಮಡಚತೊಡಗಿದ. ಗೌಡರು ಅವನ ಕೈ ಹಿಡಿದರು.

"ಆ ಹೆಸರು ಇನ್ನೊಮ್ಮೆ ಓದೋ."