ಪಟ್ಟಿಯಿಂದ ತೆಗೆದ ಹಾಡು

"ಬುದ್ಧಿ, ನನ್ನ ಕೈಯಿಂದ ಯಾರಿಗಾದರೂ ಕೇಡಾದೀತೆಂಬ ಭಯ ಹತ್ತಿಕೊಂಡಿದೆ. ಅಳೆದ ಮದ್ದನ್ನೇ ಮತ್ತೆ ಮತ್ತೆ ಅಳೆಯುತ್ತೇನೆ. ಈ ಕೆಲಸ ಬಿಟ್ಟುಬಿಡಲೇ?"

ಕೇಳಿದವನು ಮರುಳಸಿದ್ಧ. ಮಠದ ಔಷಧಾಲಯದಲ್ಲಿ ಮದ್ದು ಕೊಡುವ ಶಿಷ್ಯ. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಪ್ರೋಗ್ರಾಮರ್ ಇದ್ದ. ಕಂಪ್ಯೂಟರಿನಲ್ಲಿ ಹಾಡು ಕೇಳಲು ಒಂದು ಪ್ಲೇಯರ್ ಬರೆದ. ಅದರಲ್ಲಿ ಚಿತ್ರವಿಲ್ಲ, ಗುಂಡಿಗಳಿಲ್ಲ. ಟರ್ಮಿನಲ್ ಎಂಬ ಕಪ್ಪು ಪರದೆ, ಅದರ ಮೇಲೆ ಹಾಡುಗಳ ಹೆಸರು, ಅಷ್ಟೆ. ಒಂದೊಂದು ಕೀ ಒತ್ತಿದರೆ ಒಂದೊಂದು ಕೆಲಸ. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಮತ್ತು ಅದರ ಬಳಗದವು ಇರುವ ಯಂತ್ರಗಳಲ್ಲಿ, ಎಷ್ಟೇ ಹಳೆಯದಿರಲಿ, ಓಡುತ್ತಿತ್ತು. ಅದರ ಕೋಡನ್ನು, ತಾನು ಬರೆದ ಸಾಲುಗಳನ್ನೆಲ್ಲ, ಅವನು ಬಚ್ಚಿಡದೆ ಲೋಕದ ಮುಂದಿಟ್ಟ. ಯಾರು ಬೇಕಾದರೂ ಬಳಸಬಹುದು, ಓದಬಹುದು, ತಿದ್ದಿ ಕಳುಹಿಸಬಹುದು. ಎಷ್ಟು ಜನ ಬಳಸುತ್ತಿದ್ದಾರೆಂಬುದು ಅವನಿಗೇ ಗೊತ್ತಿರಲಿಲ್ಲ. ಆರು ವರ್ಷ ಹೀಗೇ ನಡೆಯಿತು.

ಒಮ್ಮೆ ಕಾಣದ ಊರಿನವನೊಬ್ಬ ಒಂದು ತಿದ್ದುಪಡಿ ಕಳುಹಿಸಿದ. ಇದರಿಂದ ಕೋಡು ಚಿಕ್ಕದಾಗುತ್ತದೆ, ಅಚ್ಚುಕಟ್ಟಾಗುತ್ತದೆ ಎಂದು ಬರೆದಿದ್ದ. ಪ್ರೋಗ್ರಾಮರ್ ಮೇಲೆಮೇಲೆ ಕಣ್ಣಾಡಿಸಿ ಸೇರಿಸಿಕೊಂಡ. ಹೊಸ ಆವೃತ್ತಿ ಹೊರಬಂತು.

ಎಂಟನೆಯ ದಿನ ಒಂದು ಮೇಲ್ ಬಂತು. ಬರೆದವಳು ಕಣ್ಣು ಕಾಣದ ಒಬ್ಬ ಸಂಗೀತ ಶಿಕ್ಷಕಿ. ಪರದೆಯ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಆಕೆ ಆ ಪ್ಲೇಯರ್ ಬಳಸುತ್ತಿದ್ದಳು. ಬರೀ ಅಕ್ಷರಗಳಿದ್ದುದರಿಂದಲೇ ಅದು ಆಕೆಗೆ ಒದಗಿಬಂದಿತ್ತು.

"ರೆಕಾರ್ಡ್ ಮಾಡಿಟ್ಟ ಸಂಗೀತ ಪಾಠಗಳಲ್ಲಿ ಆವತ್ತಿಗೆ ಬೇಡವಾದವನ್ನು ಪಟ್ಟಿಯಿಂದ ತೆಗೆಯಲು ಕೀ ಒತ್ತಿದೆ. ಡಿಸ್ಕಿನಿಂದಲೇ ಅಳಿಸಿಹೋದವು. ನಲವತ್ತನಾಲ್ಕು ಪಾಠ. ಸ್ವರ ಬರೆದಿಟ್ಟು ಓದಲಾರದ ನನಗೆ ಅವೇ ಪುಸ್ತಕ. ನಾನೇನಾದರೂ ತಪ್ಪು ಒತ್ತಿದೆನೇ, ದಯವಿಟ್ಟು ತಿಳಿಸಿ" ಎಂದಿತ್ತು.

ಅವನು ಕೂಡಲೇ ಕೋಡು ತೆರೆದು ನೋಡಿದ. ಪಟ್ಟಿಯಿಂದ ತೆಗೆಯುವ ಕೆಲಸ, ಫೈಲು ಅಳಿಸುವ ಕೆಲಸ, ಎರಡನ್ನೂ ಆ ತಿದ್ದುಪಡಿ ಒಂದು ಮಾಡಿಬಿಟ್ಟಿತ್ತು. ಸೇರಿಸಿಕೊಂಡವನು ತಾನು. ಇನ್ನೂ ಎಷ್ಟು ಜನರದು ಹೀಗೆ ಹೋಗಿದೆಯೋ. ಈ ಕ್ಷಣದಲ್ಲಿ ಯಾರು ಆ ಕೀ ಒತ್ತುತ್ತಿದ್ದಾರೋ. ತನ್ನ ಹೆಸರು ಹಿಡಿದು ಜನ ಏನೇನು ಆಡಿಕೊಳ್ಳುತ್ತಾರೋ. ಮೇಲ್ ಬಂದ ಸದ್ದಾದರೆ ಬೆಚ್ಚುತ್ತಿದ್ದ. ಎಲ್ಲವನ್ನೂ ಅಳಿಸಿ ಎಲ್ಲಾದರೂ ಕಣ್ಮರೆಯಾಗಬೇಕೆನ್ನಿಸಿತು.

ಗೆಳೆಯನೊಬ್ಬ, "ಯಾವ ಖಾತರಿಯೂ ಇಲ್ಲವೆಂದು ಮೊದಲೇ ಬರೆದಿಟ್ಟಿದ್ದೀಯಲ್ಲ. ನಿನ್ನ ಮೇಲೇನೂ ಬರುವುದಿಲ್ಲ, ಬಿಡು" ಎಂದ. ಮಾತು ನಿಜವೇ. ಆದರೆ ಅದರಿಂದ ಅವನ ಭಯ ಇಳಿಯಲಿಲ್ಲ.

ಆ ಆವೃತ್ತಿಯನ್ನು ಹಿಂದಕ್ಕೆ ತೆಗೆದುಕೊಂಡ. ಶಿಕ್ಷಕಿಗೆ ಬರೆದ: "ತಪ್ಪು ನಿಮ್ಮದಲ್ಲ, ನನ್ನದು. ಆ ಯಂತ್ರದಲ್ಲಿ ಸದ್ಯ ಹೊಸದೇನನ್ನೂ ಉಳಿಸಬೇಡಿ, ಅಳಿದದ್ದರ ಗುರುತು ಅದರಡಿ ಮುಚ್ಚಿಹೋದೀತು; ಇದ್ದಲ್ಲೇ ಹುಡುಕೋಣ. ಆಮೇಲೆ ಈ ಪ್ಲೇಯರನ್ನೇ ಮುಚ್ಚಿಬಿಡುತ್ತೇನೆ."

"ಪಾಠ ಸಿಕ್ಕಿದರೆ ಅವನ್ನು ನಾನು ಯಾವುದರಲ್ಲಿ ಕೇಳಲಿ?" ಎಂದು ಆಕೆ ಉತ್ತರ ಬರೆದಳು.

ಮೂರು ದಿನ ಇಬ್ಬರೂ ಫೋನು ಹಿಡಿದು ಕುಳಿತರು. ಅವನು ಹೇಳಿದ, ಆಕೆ ಟೈಪ್ ಮಾಡಿದಳು. ಮೂವತ್ತೊಂದು ಪಾಠ ಮರಳಿ ಸಿಕ್ಕವು. ಒಂಬತ್ತನ್ನು ಆಕೆ ನೆನಪಿನಿಂದ ಮತ್ತೆ ಹಾಡಿ ರೆಕಾರ್ಡ್ ಮಾಡಿಕೊಂಡಳು. ನಾಲ್ಕು ಪೂರ್ತಿ ನೆನಪಾಗಲಿಲ್ಲ. ಅವು ಹೋದವು.

ಆದ ತಪ್ಪನ್ನು ಅವನು ತನ್ನ ಹೆಸರು ಹಾಕಿ ಮೊದಲ ಪುಟದಲ್ಲೇ ಬರೆದ. ಹಲವರು ಬೈದರು. ಪ್ಲೇಯರನ್ನು ಮುಚ್ಚಲಿಲ್ಲ. ಅಂದಿನಿಂದ ಯಾರು ಏನು ತಿದ್ದಿ ಕಳುಹಿಸಿದರೂ ಸಾಲು ಸಾಲಾಗಿ ಮೂರು ಸಲ ಓದುತ್ತಿದ್ದ. ಹೊಸ ಆವೃತ್ತಿ ಬಿಡುವ ಮುಂಚೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಯಂತ್ರ ಓದಿ ಹೇಳುವುದನ್ನಷ್ಟೇ ಕೇಳುತ್ತಾ, ಒಂದೊಂದೇ ಕೀ ಒತ್ತಿ ನೋಡುತ್ತಿದ್ದ.

ಕತೆ ಇಷ್ಟಕ್ಕೆ ನಿಂತಿತು. ಮರುಳಸಿದ್ಧ ಕೇಳಿದ: "ಹಾಗಾದರೆ ಆಮೇಲೆ ಅವನ ಭಯ ಹೋಯಿತೇ, ಬುದ್ಧಿ?"

"ಹೋಗಲಿಲ್ಲಪ್ಪ, ತನಗೇನಾದೀತೋ ಎಂದು ಇದ್ದದ್ದು, ಆಕೆಗೇನಾದೀತೋ ಎಂದಾಯಿತು" ಎಂದರು ಗುರುಗಳು.

ಶಿಷ್ಯ ಕೈಮುಗಿದು ಎದ್ದು ಔಷಧಾಲಯದ ಕಡೆಗೆ ನಡೆದ.