ಬಿಳಿ ಬೆಳಕಿನ ಬಡಾಯಿ

ನಾನೊಂದು ಟ್ಯೂಬ್‌ಲೈಟ್. ಬಿಸಿಲೇ ಬಾರದ ಮನೆಯೊಂದರಲ್ಲಿ ಇಂದುಮತಿ ಟೀಚರ್ ಜೆರೇನಿಯಂ ಗಿಡವೊಂದನ್ನು ನನ್ನ ಕೆಳಗಿಟ್ಟು ಸಾಕುತ್ತಿದ್ದರು. ನನ್ನ ನೀಲಿಬಿಳಿ ಬೆಳಕಿನಲ್ಲಿ ಅದು ಎಲೆಯ ಮೇಲೆ ಎಲೆ ಬಿಟ್ಟಿತು. ನಾನು ಬೀಗಿದೆ.

ಒಂದು ದಿನ ಗಿಡ ಹೇಳಿತು: "ಅಣ್ಣಾ, ನನಗೆ ಹೂ ಬಿಡುವ ಆಸೆ. ಆ ಹಳದಿ ಬಲ್ಬಿನ ಬೆಳಕೂ ನನ್ನ ಮೇಲೆ ಬಿದ್ದರೆ ಚೆನ್ನಾಗಿತ್ತು."

"ಆ ಮಂಕು ದೀಪವೇ? ಅದರ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಲೂ ಆಗದು!" ಎಂದೆ.

ಮೂಲೆಯಿಂದ ಬಲ್ಬು ವಿನಯವಾಗಿ ನುಡಿಯಿತು: "ಹೂವಿಗೆ ಕೆಂಪು ಬೆರೆತ ಬೆಳಕು ಬೇಕು ಸ್ವಾಮಿ. ತಮ್ಮಲ್ಲಿ ಅದು ಕಡಿಮೆ."

"ಕೇಳಿದಾಗ ಹೇಳು," ಎಂದು ಗದರಿದೆ.

ವರ್ಷ ಕಳೆದರೂ ಮೊಗ್ಗು ಮೂಡಲಿಲ್ಲ. ಟೀಚರ್ ಬೇಸತ್ತು, "ಬರೀ ಸೊಪ್ಪು! ದಸರೆಯೊಳಗೆ ಹೂ ಬಿಡದಿದ್ದರೆ ಕಿತ್ತೆಸೆಯುತ್ತೇನೆ," ಎಂದರು. ಗಿಡ ನಡುಗಿತು. ನನಗೂ ದಿಗಿಲಾಯಿತು. ಗಿಡ ಹೋದರೆ ನಾನು ಜಂಭಪಡುವುದಾದರೂ ಯಾವುದನ್ನು ತೋರಿಸಿ? ಮೊಗ್ಗು ಬರಿಸಿಯೇ ತೀರುತ್ತೇನೆಂದು ಇದ್ದ ಶಕ್ತಿಯನ್ನೆಲ್ಲ ಹಾಕಿ ಉರಿದೆ. ಪಟಪಟನೆ ಮಿಣುಕಿ ಆರಿಹೋದೆ.

ನನ್ನನ್ನು ರಿಪೇರಿ ಮಾಡುವವನು ಇವತ್ತು, ನಾಳೆ ಎನ್ನುತ್ತ ಎರಡು ತಿಂಗಳು ಕಳೆದ. ಅಷ್ಟು ದಿನ ಟೀಚರ್ ಕುಂಡವನ್ನು ಬಲ್ಬಿನ ಕೆಳಗಿಟ್ಟಿದ್ದರು. ದಸರೆಗೆ ಮುಂಚೆ ನಾನು ಮತ್ತೆ ಕಣ್ಣು ತೆರೆದಾಗ ಗಿಡದ ತುಂಬ ಕೆಂಪು ಹೂಗೊಂಚಲು!

"ಅಣ್ಣಾ, ನೀವು ಆರಿ ನನ್ನ ಜೀವ ಉಳಿಸಿದಿರಿ," ಎಂದಿತು ಗಿಡ, ಕೃತಜ್ಞತೆಯಿಂದ.

ಹೇಳಿದ್ದು ತಡವಾಗಿ ತಲೆಗೆ ಹೋಗುವವರನ್ನು ಜನ ನನ್ನ ಹೆಸರು ಹಿಡಿದು ಕರೆಯುತ್ತಾರೆ. ಅದನ್ನು ನಾನು ಅಂದಿನವರೆಗೂ ಹೊಗಳಿಕೆಯೆಂದೇ ತಿಳಿದಿದ್ದೆ.